ಕಂಪ್ಯೂಟರಿಗೆ ಹಾಕಿದ ಮಣೆ

ನರಸಿಂಹರಾಜಪುರದ ಆಫೀಸೊಂದರಲ್ಲಿ ದಿನವಿಡೀ ಬಿಲ್ಲು ಟೈಪು ಮಾಡುವವಳು ನಾನು. ರಜೆಯ ದಿನ ಹೆಂಗಸರ ತಂಡದ ಜೊತೆ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು ಮಾತಿನಲ್ಲೇ ಕಥೆ ನಡೆಸಬೇಕು. ಮಾತು ನನಗೆ ಎಂದೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ಬೆನ್ನು.

ಮಳೆಗಾಲ ಕಳೆದ ಮೇಲೆ ಕೊಪ್ಪದಲ್ಲಿ ನಡೆಯಲಿದ್ದ ಕೂಟದಲ್ಲಿ ನನಗೆ ದೂತನ ಪಾತ್ರ ಸಿಕ್ಕಿತ್ತು. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದೆ. ಅಭ್ಯಾಸದ ದಿನ, ರಾಜನ ಪಾತ್ರ ಮಾಡುವ ತಂಡದ ಹಿರಿಯಕ್ಕ ನನ್ನನ್ನು ನೋಡಿ ಮಾತು ನಿಲ್ಲಿಸಿದರು.

“ಎಂತ ಮಾರಾಯ್ತಿ, ಸಂಧಾನಕ್ಕೆ ಬಂದ ದೂತನೋ, ಬೈಸಿಕೊಳ್ಳೋಕೆ ಬಂದ ಮಾಣಿಯೋ? ಬೆನ್ನು ನೆಟ್ಟಗೆ ಮಾಡು. ಆಗ್ದಿದ್ರೆ ಹೇಳು, ಸಣ್ಣ ಪಾತ್ರ ಕೊಡ್ತೀನಿ.”

ಮೈಯೆಲ್ಲ ಉರಿಯಿತು. ಆದರೆ ನೆಟ್ಟಗೆ ಕೂತರೆ ಐದೇ ನಿಮಿಷಕ್ಕೆ ಸೊಂಟ ಹಿಡಿಯುತ್ತಿತ್ತು. ಮರುದಿನ ಆಫೀಸಿನಲ್ಲಿ ಕೂತಾಗ ಕಾರಣ ಕಣ್ಣಿಗೆ ಬಿತ್ತು. ಪರದೆ ತೀರಾ ಕೆಳಗೆ, ನಾನು ಅದಕ್ಕೆ ದಿನವಿಡೀ ನಮಸ್ಕಾರ ಹಾಕುತ್ತಿದ್ದೆ. ಕುರ್ಚಿ ಎತ್ತರ, ಕಾಲು ನೆಲಕ್ಕೆ ಎಟುಕದೆ ನೇತಾಡುತ್ತಿತ್ತು.

ಊಟಕ್ಕೆ ಕೂರುವ ಹಲಸಿನ ಮಣೆಗಳು ಮನೆಯ ಅಟ್ಟದಲ್ಲಿದ್ದವು. ಮೂರನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ಎರಡನ್ನು ಒಂದರ ಮೇಲೊಂದು ಪರದೆಯ ಕೆಳಗಿಟ್ಟೆ, ಇನ್ನೊಂದನ್ನು ಕಾಲಡಿ.

ಪಕ್ಕದ ಮೇಜಿನವನಿಗೆ ನಗು ತಡೆಯಲಾಗಲಿಲ್ಲ. “ಅಕ್ಕಾ, ಕಂಪ್ಯೂಟರಿಗೆ ಮಣೆ ಹಾಕಿದ್ರಿ, ಬಾಳೆಲೆ ಯಾವಾಗ?”

“ನೀನು ಬಡಿಸೋಕೆ ನಿಂತ ಕೂಡಲೇ,” ಎಂದೆ.

ನಗಲಿ ಬಿಡಿ. ಈಗ ಕಣ್ಣು ಪರದೆಗೆ ನೇರವಾಗಿತ್ತು, ಬೆನ್ನು ಕುರ್ಚಿಗೆ ತಾಗಿತ್ತು. ಒಂದೊಂದು ಕಟ್ಟು ಬಿಲ್ಲು ಮುಗಿದಾಗಲೂ ಎದ್ದು ನಾಲ್ಕು ಹೆಜ್ಜೆ ಓಡಾಡುತ್ತಿದ್ದೆ. ಮೊದಮೊದಲು ನೋವು ಹೆಚ್ಚೇ ಆಯಿತು. ಹಠ ಬಿಡಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಸೊಂಟ ದಾರಿಗೆ ಬಂದಿತ್ತು.

ಕೊಪ್ಪದಲ್ಲಿ ಗೋಡೆಗೆ ಒರಗದೆ ಕೂತೆ. ರಾಜ ಗದರಿಸಿದ, ಹಂಗಿಸಿದ, ನಾನು ಅಲುಗಲಿಲ್ಲ. ತಾಳಮದ್ದಲೆಯಲ್ಲಿ ಬರೆದಿಟ್ಟ ಮಾತು ಇರುವುದಿಲ್ಲವಲ್ಲ, ಹಿರಿಯಕ್ಕ ಥಟ್ಟನೆ ಕೇಳಿಯೇಬಿಟ್ಟರು: “ಎಲೈ ದೂತ, ಶತ್ರುವಿನ ಸಭೆಯಲ್ಲಿ ಇಷ್ಟು ನೆಟ್ಟಗೆ ಕೂತಿದ್ದೀಯಲ್ಲ, ಯಾರ ಬಲದಿಂದ?”

“ಮೂರು ಮಣೆಗಳ ಬಲದಿಂದ, ಮಹಾರಾಜ!”

ಕೂಟ ನೋಡಲು ಬಂದಿದ್ದ ಪಕ್ಕದ ಮೇಜಿನವನು ಮೊದಲು ಚಪ್ಪಾಳೆ ಹೊಡೆದ. ಆಮೇಲೆ ಸಭೆಯೇ ಹೊಡೆಯಿತು. ಅಬ್ಬಾ, ಆ ಖುಷಿ!

ಮಂಗಳ ಹಾಡಿ ಮುಗಿದಾಗ ಹಿರಿಯಕ್ಕ ಸೊಂಟ ಹಿಡಿದುಕೊಂಡು ಕಾಲು ಚಾಚಿದರು. “ನಂಗೂ ಒಂದು ಮಣೆ ತಂದ್ಕೊಡು ಮಾರಾಯ್ತಿ.”

“ಆಗಲಿ ಅಕ್ಕ,” ಎಂದೆ, ನೆಟ್ಟಗೆ ಕೂತುಕೊಂಡೇ. ಜನ ಇನ್ನೂ ಹೋಗಿರಲಿಲ್ಲ. ಅಷ್ಟು ಬೇಗ ಯಾಕೆ ಏಳಲಿ?