ಪೂಜೆಗೆ ಮುಂಚಿನ ಇಡ್ಲಿ

ನಮ್ಮ ಫೋರ್‌ಮನ್ನರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧವನ್ನು ಯಾವುದೋ ಹಳೆಯ ಲೇತ್ ನುಂಗಿತ್ತಂತೆ. ಆ ಮೊಂಡು ಉಗುರಿನಲ್ಲೇ ಕಬ್ಬಿಣದ ಅಂಚು ಸವರಿ, "ಇನ್ನೂ ಒರಟೈತೆ, ಅರ ಉಜ್ಜು" ಎನ್ನುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ತಿಂಡಿ ಮುಗಿಸಿ, ಅದೇ ಉಗುರಿನಿಂದ ಆಸ್ಪಿರಿನ್ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಹೊರಗೆ ಒತ್ತುತ್ತಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರಿಂದ ಅದನ್ನು ಒಂದು ದಿನವೂ ತಪ್ಪಿಸುವಂತಿರಲಿಲ್ಲ.

ಪೀಣ್ಯದ ಆ ಸಣ್ಣ ಶೆಡ್ಡಿನಲ್ಲಿ ನಾನು ಡ್ರಿಲ್ಲಿಂಗ್ ಮಿಷನ್ನಿಗೆ ನಿಂತಾಗ ಮೂಗು ಮುರಿದವರೇ ಹೆಚ್ಚು. ಅವರು ಮಾತ್ರ ಎಣ್ಣೆ ಕ್ಯಾನನ್ನು ನನ್ನ ಕೈಗಿಟ್ಟು, "ಎಣ್ಣೆ ಬಿಡ್ದೆ ಡ್ರಿಲ್ ಇಳಿಸ್ಬೇಡ ಕಣಮ್ಮ, ಕಬ್ಣಾನೂ ಕೆಡ್ತದೆ, ಡ್ರಿಲ್ಲೂ ಸುಡ್ತದೆ" ಎಂದರು. ಮಾತ್ರೆಗೂ ಅದೇ ಪಾಠ: "ಇದೂ ಅಂಗೇನೆ. ಒಟ್ಟೆಗೆ ಏನಾದ್ರೂ ಬಿದ್ಮೇಲೇ ಇಳೀಬೇಕು." ಪಾಠ ಹೇಳುವುದರಲ್ಲಿ ಗಟ್ಟಿ, ಆದರೆ ಮರೆವು ವಿಪರೀತ. ಹಾಗಾಗಿ ಸ್ಟ್ರಿಪ್ ನನ್ನ ಡ್ರಾಯರಿಗೆ ಬಂತು, ನೆನಪಿಸುವ ಕೆಲಸ ನನ್ನ ತಲೆಗೆ. ಒಂದು ನಿಮಿಷವೂ ತಪ್ಪುವುದಿಲ್ಲ ಎಂಬ ಜಂಬ ನನಗೆ.

ಆ ವರ್ಷ ನವರಾತ್ರಿಯಲ್ಲಿ ಅವರು ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲವೆಂದು ವ್ರತ ಹಿಡಿದರು. ಬೆಂಚಿನ ಮೇಲೆ ತಿಂಡಿ ಡಬ್ಬಿ ಕಾಣಿಸಲಿಲ್ಲ. ನಾನೋ ಗಡಿಯಾರ ಒಂದನ್ನೇ ನೋಡುವವಳು. ದಿನಾ ಲೋಟದಲ್ಲಿ ನೀರು ಹಿಡಿದು, "ಟೈಮಾಯ್ತು ಸಾರ್" ಎಂದು ಮುಂದೆ ನಿಲ್ಲುತ್ತಿದ್ದೆ. ಅವರು ನಕ್ಕು ನುಂಗುತ್ತಿದ್ದರು.

ಆಯುಧಪೂಜೆಯ ದಿನವೂ ಕೊಟ್ಟೆ. ಮಿಷನ್ನುಗಳಿಗೆ ಚೆಂಡುಹೂ ಕಟ್ಟಿ, ಬೂದುಗುಂಬಳ ಇಟ್ಟುಕೊಂಡು ಮಾಲೀಕರಿಗಾಗಿ ಕಾಯುತ್ತಿದ್ದೆವು. ಪೂಜೆ ಮಾಡಬೇಕಾದ ಫೋರ್‌ಮನ್ನರೇ ಹೊಟ್ಟೆ ಹಿಡಿದು ಕುಸಿದರು. ಕಾಫಿಪುಡಿ ಕದಡಿದಂಥ ಕಪ್ಪು ವಾಂತಿ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

"ಹೊಟ್ಟೇಲಿ ಹುಣ್ಣಾಗಿ ರಕ್ತ ಬಂದಿದೆ. ಖಾಲಿ ಹೊಟ್ಟೇಲಿ ಈ ಮಾತ್ರೆ ತಗೊಳ್ಳಿ ಅಂತ ಯಾರ್ರೀ ಹೇಳಿದ್ದು?" ಎಂದು ಡಾಕ್ಟರು ಗದರಿದರು. ಫೋರ್‌ಮನ್ನರ ಹೆಂಡತಿಯೂ ಅಲ್ಲೇ ನಿಂತಿದ್ದರು. ನನ್ನ ಜೀವ ಬಾಯಿಗೆ ಬಂತು.

"ಯಾರೂ ಇಲ್ಲ ಸಾರ್. ನಂದೇ ಬುದ್ಧಿಗೇಡಿತನ" ಎಂದರು ಅವರು, ನನ್ನ ಕಡೆ ತಿರುಗಿಯೂ ನೋಡದೆ.

ಬದುಕಿಕೊಂಡರು. ಡಾಕ್ಟರು ಹೊಟ್ಟೆ ಕಾಯಲು ಇನ್ನೊಂದು ಮಾತ್ರೆ ಸೇರಿಸಿ, ಆಸ್ಪಿರಿನ್ ಮತ್ತೆ ಯಾವಾಗಿನಿಂದ ಎಂದು ತಾವೇ ಬರೆದುಕೊಟ್ಟರು. ಅವರು ಕೆಲಸಕ್ಕೆ ಬಂದ ದಿನ ನಾನು ಡ್ರಿಲ್ಲಿನ ಮುಂದೆ ಸುಮ್ಮನೆ ನಿಂತಿದ್ದೆ. ಅಷ್ಟು ದಿನವೂ ನಾನು ಮಿಷನ್ ಮುಟ್ಟಿರಲಿಲ್ಲ.

"ಕೊಟ್ಟಿದ್ದು ನಾನೇ ಅಲ್ವಾ ಸಾರ್" ಎಂದು ಅತ್ತೆ.

"ನುಂಗಿದ್ ಬಾಯಿ ಯಾರ್ದಮ್ಮ? ಇಷ್ಟ್ ದಿನ ಟೈಮ್ ಒಂದೇ ನೋಡ್ತಿದ್ದೆ. ಇವತ್ತಿಂದ ಡಬ್ಬೀನೂ ನೋಡು." ಹೊಸ ಸ್ಟ್ರಿಪ್ಪನ್ನು ನನ್ನ ಡ್ರಾಯರಿಗೇ ಹಾಕಿದರು. ಅವರು ನಿವೃತ್ತರಾಗುವವರೆಗೂ ಡಬ್ಬಿ ತೆರೆದು ನೋಡದೆ ನಾನು ಮಾತ್ರೆ ಕೊಡಲಿಲ್ಲ. ಒಮ್ಮೆ ಅದರಲ್ಲಿ ಚಿತ್ರಾನ್ನ ಅರ್ಧ ಉಳಿದಿತ್ತೆಂದು ಗದರಿಯೂ ಇದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಈಗ ಅದೇ ಶೆಡ್ಡಿಗೆ ನಾನು ಫೋರ್‌ಮನ್. ನಮ್ಮಲ್ಲಿ ಆಯುಧಪೂಜೆಗೆ ಮೊದಲು ಎಲ್ಲರಿಗೂ ಇಡ್ಲಿ. ಮಾತ್ರೆ ನುಂಗುವವರಿಗೆ ಮೊದಲ ಪ್ಲೇಟು. ದೇವರು ಕಾಯುತ್ತಾನೆ, ಹೊಟ್ಟೆ ಕಾಯುವುದಿಲ್ಲ.

ಈ ಸಲ ಪೂಜೆಗೆ ಅವರ ಹೆಂಡತಿಯನ್ನು ಕರೆದಿದ್ದೆ. ಪ್ಲೇಟು ಕೈಗಿಟ್ಟು, ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ.

"ಗೊತ್ತಿತ್ತು ಕಣಮ್ಮ" ಎಂದರು ಆಕೆ. "ಆಸ್ಪತ್ರೆಯಿಂದ ಬಂದ್ ದಿನಾನೇ ಹೇಳಿದ್ರು. ಇನ್ಮೇಲೆ ಮಾತ್ರೆ ನಾನೇ ನೋಡ್ಕೋತೀನಿ ಅಂದೆ. ಬ್ಯಾಡ, ಅವಳ ಕೈಗೇ ಕೊಡ್ತೀನಿ, ಇಲ್ದಿದ್ರೆ ಆ ಮಗು ಇನ್ನು ಮಿಷನ್ ಮುಟ್ಟಲ್ಲ ಅಂದ್ರು."