ಗಾಡಿ ಅಕ್ಕ ತೂಗಿದ ಇಳಿಜಾರು

ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಾನು ಹನ್ನೊಂದು ವರ್ಷ ಕೂತಿದ್ದೆ. ಅಲ್ಲಿಂದ ನನಗೆ ಡಾಕ್ಟರುಗಳ ಮುಖಕ್ಕಿಂತ ಹೆಚ್ಚಾಗಿ ಕಂಡದ್ದು ಗಾಡಿ ಅಕ್ಕನ ಬೆನ್ನು. ರೋಗಿಗಳನ್ನು ಮಲಗಿಸಿ ಸ್ಟ್ರೆಚರ್ ಗಾಡಿ ತಳ್ಳುವುದು ಅವಳ ಕೆಲಸ. ಕುಳ್ಳಗಿನ ಹೆಂಗಸು, ಐವತ್ತರ ಹತ್ತಿರ ವಯಸ್ಸು, ನಾಲಿಗೆ ಮಾತ್ರ ಕತ್ತರಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೆ ಯಾವ ಗಾಡಿಯ ಯಾವ ಚಕ್ರ ಎಡಕ್ಕೆ ಎಳೆಯುತ್ತದೆ, ತಿರುವಿಗೆ ಎಷ್ಟು ಹೆಜ್ಜೆ ಮೊದಲು ವೇಗ ಇಳಿಸಬೇಕು ಅನ್ನುವುದೆಲ್ಲ ಅವಳ ಅಂಗೈಗೆ ಗೊತ್ತಿತ್ತು.

ಹಿತ್ತಲ ಅಂಗಳದಲ್ಲಿ ಹೊಸ ವಾರ್ಡು ಎದ್ದಿತು. ಅದರ ನೆಲ ಹಳೇ ಕಾರಿಡಾರಿಗಿಂತ ಒಂದೂವರೆ ಮೀಟರ್ ಎತ್ತರ. ಎರಡನ್ನೂ ಸೇರಿಸಲು ಆರೇ ಮೀಟರ್ ಉದ್ದದ ಸಿಮೆಂಟಿನ ಇಳಿಜಾರು ಕಟ್ಟಿದ್ದರು. ಮೊದಲ ದಿನ ಅಕ್ಕ ಕಾಲು ಮುರಿದುಕೊಂಡ ಮೇಷ್ಟ್ರೊಬ್ಬರನ್ನು ಮಲಗಿಸಿಕೊಂಡು ಹತ್ತಿದಳು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಅಕ್ಕ ಸೊಂಟ ಅಡ್ಡ ಕೊಟ್ಟು, ಮೊಣಕೈಯನ್ನು ಗೋಡೆಗೆ ಒತ್ತಿ ತಡೆದಳು. ನಾನೂ ಒಬ್ಬ ನರ್ಸೂ ಓಡಿಹೋಗಿ ಕೈಹಾಕಿದೆವು. ಮೇಷ್ಟ್ರಿಗೆ ಏನೂ ಆಗಲಿಲ್ಲ. ಅಕ್ಕನ ಮೊಣಕೈ ಮಾತ್ರ ತರಚಿ ರಕ್ತ ಸುರಿಯುತ್ತಿತ್ತು.

ಸೂಪರಿಂಟೆಂಡೆಂಟ್ ಬಂದು ನೋಡಿದರು. "ವಯಸ್ಸಾಯ್ತಲ್ಲಮ್ಮ. ನಾಡಿದ್ದಿನಿಂದ ಬಟ್ಟೆ ಮಡಿಸೋ ಕೋಣೆಗೆ ಹೋಗು."

ಕನಿಕರದಿಂದಲೇ ಹೇಳಿದ್ದು. ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ಚುಚ್ಚಿತು.

ಮನೆಯಲ್ಲಿ ನಡೆದದ್ದನ್ನು ಮರುದಿನ ಅವಳೇ ನನಗೆ ಹೇಳಿದಳು. ಸುದ್ದಿ ಕೇಳಿ ಅತ್ತೆ ನಕ್ಕುಬಿಟ್ಟರಂತೆ. "ಇವಳು ಬಟ್ಟೆ ಮಡಿಸೋದಾ? ಮದುವೆಯಾಗಿ ಬಂದಾಗಿನಿಂದ ಒಂದು ಸೀರೆ ನೆಟ್ಟಗೆ ಮಡಿಸಿಲ್ಲ. ಆಸ್ಪತ್ರೆ ಮಾನ ಉಳಿಯಲ್ಲ!"

ಗಂಡ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವನು. ನಗಲಿಲ್ಲ. "ಅವರು ನಿನ್ನ ಬಲ ಕಮ್ಮಿ ಅಂತಾರೆ, ನೀನು ಇಳಿಜಾರು ಕಡಿದು ಅಂತೀಯ. ಬಾಯಲ್ಲಿ ಎಷ್ಟು ಹೇಳಿದ್ರೂ ಜಗಳವೇ. ತೂಗಿ ತೋರಿಸು," ಅಂದ. ಗೋಡೆಯ ಮೊಳೆಯಿಂದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತೆಗೆದುಕೊಟ್ಟ. "ತೂಗು ಹಾಕಿದ್ದನ್ನಷ್ಟೇ ಅಲ್ಲ, ಎಳೆಯೋ ಬಲವನ್ನೂ ಇದು ತೋರಿಸುತ್ತೆ."

ಅದನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದಳು. ಮಧ್ಯಾಹ್ನ ಕಟ್ಟಡದ ಇಂಜಿನಿಯರ್ ಬಂದಿದ್ದ. ಇಸ್ತ್ರಿ ಅಂಗಿಯ ತರುಣ. ಸೂಪರಿಂಟೆಂಡೆಂಟರೂ ಜೊತೆಗಿದ್ದರು.

"ಸರ್, ಒಂದು ನಿಮಿಷ ಇದರ ಮೇಲೆ ಮಲಗ್ತೀರಾ?" ಅಂದಳು ಅಕ್ಕ.

"ನನಗೇನು ಕಾಯಿಲೆ?"

"ಕಾಯಿಲೆ ನಿಮ್ಮ ಇಳಿಜಾರಿಗೆ ಸರ್. ನೀವು ಸುಮ್ಮನೆ ಭಾರ."

ಅವನು ನಕ್ಕು ಮಲಗಿದ. ಗಾಡಿಯೂ ಅವನೂ ಸೇರಿ ನೂರಿಪ್ಪತ್ತು ಕೆಜಿ ಅಂತ ಸ್ಟೋರಿನ ತಕ್ಕಡಿ ಹೇಳಿತು. ಮೊದಲು ಎಕ್ಸ್‌ರೇ ಕೋಣೆಯ ಮುಂದಿನ ಹಳೇ ಇಳಿಜಾರು. ಅಕ್ಕ ಒಬ್ಬಳೇ ಗಂಡನ ತಕ್ಕಡಿಯ ಕೊಕ್ಕೆಯನ್ನು ಗಾಡಿಗೆ ಸಿಕ್ಕಿಸಿ ನಿಧಾನವಾಗಿ ಎಳೆದಳು. ಮುಳ್ಳು ಹನ್ನೊಂದಕ್ಕೆ ನಿಂತಿತು. ಆಮೇಲೆ ಹೊಸದು. ಇಲ್ಲಿ ಎಳೆಯಲು ಇಬ್ಬರು ಬೇಕಾದರು, ಜಾರಿದರೆ ಹಿಡಿಯಲು ಹಿಂದೆ ನಾನು. ಸೂಪರಿಂಟೆಂಡೆಂಟ್ ಕನ್ನಡಕ ಸರಿಮಾಡಿಕೊಂಡು ಮುಳ್ಳಿಗೆ ಮುಖವಿಟ್ಟರು.

"ಮೂವತ್ತೊಂದು," ಅಂದರು. ಇನ್ನೊಮ್ಮೆ ನೋಡಿದರು. "ಮೂವತ್ತೊಂದೇ."

ಇಂಜಿನಿಯರ್ ಎದ್ದು ಕೂತ. ಮುಖ ಕೆಂಪಾಗಿತ್ತು, ಆದರೆ ಹುಡುಗ ಒಳ್ಳೆಯವನು. "ನಾಲ್ಕು ಮೀಟರಿಗೆ ಒಂದು ಮೀಟರ್ ಏರಿದ್ರೆ ಭಾರದ ಕಾಲುಭಾಗ ತಳ್ಳೋರ ಮೇಲೇ ಬೀಳುತ್ತೆ. ಹಳೇದು ಹನ್ನೆರಡಕ್ಕೆ ಒಂದು. ಪುಸ್ತಕದಲ್ಲಿ ಓದಿದ್ದೆ, ಜಾಗ ಇಲ್ಲ ಅಂತ ಬಿಟ್ಟುಬಿಟ್ಟೆ."

"ನನ್ನ ಸೊಂಟ ಪುಸ್ತಕ ಓದದೇನೇ ಹೇಳ್ತಿತ್ತು," ಅಂದಳು ಅಕ್ಕ.

"ಹದಿನೆಂಟು ಮೀಟರ್ ಬೇಕಮ್ಮ. ಎಲ್ಲಿ ತರೋದು?"

ಅಕ್ಕ ಅಂಗಳದ ಕಡೆ ಕೈ ತೋರಿಸಿದಳು. ಮುರಿದ ಮಂಚಗಳ ರಾಶಿ ಬಿದ್ದಿತ್ತು. "ಅದನ್ನ ಎತ್ತಿಸಿ. ಹೋಗಿ ತಿರುಗಿ ಬರೋ ಹಾಗೆ ಆರಾರು ಮೀಟರಿನ ಮೂರು ಮಡಿಕೆ ಹಾಕಿ. ತಿರುವಲ್ಲಿ ಗಾಡಿ ನಿಲ್ಲೋಕೆ ಸಮತಟ್ಟು ಜಾಗ ಬಿಡಿ, ಉಸಿರೂ ತಗೋಬಹುದು."

"ದೂರ ಮೂರು ಪಟ್ಟಾಗುತ್ತಲ್ಲ?" ಸೂಪರಿಂಟೆಂಡೆಂಟ್ ಕೇಳಿದರು.

"ನಡೆಯೋಕೆ ಕಾಲಿದೆ ಸರ್. ಇನ್ನೊಂದು ಬೆನ್ನು ಎಲ್ಲಿಂದ ತರಲಿ?"

ಐದು ವಾರದಲ್ಲಿ ಮೂರು ಮಡಿಕೆಯ ಇಳಿಜಾರು ಎದ್ದಿತು. ಮೊದಲ ಸಲ ಹತ್ತುವ ದಿನ ನರ್ಸುಗಳು, ಅಡುಗೆಯವರು, ಕೋಲೂರಿಕೊಂಡ ರೋಗಿಗಳು ಎಲ್ಲ ಬಂದು ನಿಂತರು. ಸೂಪರಿಂಟೆಂಡೆಂಟ್ ತಾವೇ ಗಾಡಿ ಮೇಲೆ ಮಲಗಿದರು. ಆಸ್ಪತ್ರೆಯಲ್ಲಿ ಅವರಿಗಿಂತ ದಪ್ಪ ಆಳಿಲ್ಲ. ಅಕ್ಕ ಒಬ್ಬಳೇ ತಳ್ಳಿದಳು. ಒಂದು ಮಡಿಕೆ, ತಿರುವು, ಇನ್ನೊಂದು. ಮೂರನೆಯದಕ್ಕೆ ಬರುವಷ್ಟರಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಏದುಸಿರಿಲ್ಲದೆ ಮಾತಾಡಿಕೊಂಡೇ ಮೇಲೆ ಹೋದಳು.

ಬಟ್ಟೆ ಕೋಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮುಂದಿನ ವರ್ಷ ಹೆರಿಗೆ ವಾರ್ಡಿನ ನಕ್ಷೆ ಬಂದಾಗ ಇಂಜಿನಿಯರ್ ಅದನ್ನು ತಂದು ನನ್ನ ಕಿಟಕಿಯ ಮುಂದಿನ ಬೆಂಚಿನ ಮೇಲೆ ಹರಡಿದ, ಅಕ್ಕನನ್ನು ಕರೆಸಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಬೆರಳು ಒಂದು ಗೆರೆಯ ಮೇಲೆ ನಿಂತಿತು.

"ಈ ಬಾಗಿಲು ಯಾವ ಕಡೆ ತೆರೆಯುತ್ತೆ, ಸರ್?"