ನಲವತ್ತು ದಾಟದ ಕಾರು

ನನ್ನ ಕಾಲ್ಗುಣ ಸರಿಯಿಲ್ಲ ಎಂದು ಮದುವೆಯಾದ ಹೊಸದರಲ್ಲಿ ಯಾರೂ ಅನ್ನಲಿಲ್ಲ. ಆ ಮಾತು ಬಂದದ್ದು ಸಂಸಾರ ಹಳತಾದ ಮೇಲೆ, ಅದೂ ಒಂದು ಹಳೇ ಕಾರಿನ ದೆಸೆಯಿಂದ.

ಅಜ್ಜಂಪುರದ ನಮ್ಮ ಮನೆಯ ಹಿತ್ತಿಲಲ್ಲಿ ಮಾವನವರು ಕೊಂಡಿದ್ದ ಪೆಟ್ರೋಲ್ ಕಾರು ತಗಡಿನ ಶೆಡ್ಡಿನೊಳಗೆ ನಿಂತಿತ್ತು. ಮಾವ ತೀರಿಕೊಂಡ ಮೇಲೆ ಅದರೊಳಗೆ ಬೆಕ್ಕು ಮರಿ ಹಾಕುತ್ತಿತ್ತು, ಅಷ್ಟೇ ಅದರ ಉಪಯೋಗ. ನನ್ನ ಗಂಡ ಅಂಗಡಿಗೆ ಬೈಕಿನಲ್ಲಿ ಹೋಗುತ್ತಿದ್ದರು. ಆಗ ನನಗೆ ತರೀಕೆರೆಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಮದುವೆಗೆ ಮುಂಚೆ ಓದಿ ಟ್ರಂಕಿನ ತಳಕ್ಕೆ ಹಾಕಿದ್ದ ವಿದ್ಯೆ ಅದು. ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುವವರ ರಕ್ತ ತೆಗೆಯಬೇಕಾದ್ದರಿಂದ ಬೆಳಿಗ್ಗೆ ಬೇಗನೇ ಅಲ್ಲಿರಬೇಕು. ಆ ಹೊತ್ತಿಗೆ ಬಸ್ಸು ಹೊಂದುತ್ತಿರಲಿಲ್ಲ. ಡ್ರೈವಿಂಗ್ ಕಲಿತೆ. ಕಾರನ್ನು ಹೊರಗೆಳೆಸಿ, ರಿಪೇರಿ ಮಾಡಿಸಿ, ಓಡಿಸಿಕೊಂಡು ಹೊರಟೆ.

ಗಂಡ ಮುಖ ಊದಿಸಿಕೊಂಡರು. ಅತ್ತೆ ಮಾತ್ರ ನನ್ನ ಪರ. "ಹೋಗವ್ವ, ಧೈರ್ಯವಾಗಿ ಹೋಗು. ನಮ್ ಕಾಲ ಆಗೋಯ್ತು" ಅಂದರು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವ ಕೈ ಅವರದು. ಮಾವನವರ ಹಸಿರು ಚೌಕಳಿ ಲುಂಗಿಯನ್ನು ಕತ್ತರಿಸಿ ನನ್ನ ಊಟದ ಡಬ್ಬಿಗೆ ಒಂದು ಚೀಲ ಹೊಲಿದುಕೊಟ್ಟರು, ಅಂಚಿಗೆ ಕೆಂಪು ದಾರ. ಯಾವ ಬಣ್ಣದ ಬಟ್ಟೆಗಾದರೂ ಅವರು ಕೈಹೊಲಿಗೆ ಹಾಕುತ್ತಿದ್ದದ್ದು ಕೆಂಪು ದಾರದಲ್ಲೇ. ಆ ಚೀಲ ನೋಡಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎಂಥ ದಡ್ಡಿ ನಾನು!

ಮಳೆಗಾಲ ಕಳೆಯುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೊಂದು ಸೋಮವಾರ ಕಾರು ಎಳೆಯಲೇ ಇಲ್ಲ. ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಚೆನ್ನಾಗಿಯೇ ಉಸಿರಾಡುತ್ತದೆ, ರಸ್ತೆಗೆ ಬಂದರೆ ನಲವತ್ತಕ್ಕಿಂತ ಮೇಲೆ ಹೋಗದು. ಏರು ಬಂದರೆ ಸೆಕೆಂಡ್ ಗೇರು. ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನು ನನ್ನನ್ನು ಹಿಂದೆ ಹಾಕಿ ತಿರುಗಿ ನೋಡಿ ನಕ್ಕ. ಲ್ಯಾಬಿಗೆ ಹೋದಾಗ ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಹಸಿವು ತಾಳದೆ ಎದ್ದು ಹೋಗಿದ್ದರು.

ಸಂಜೆ ಗಂಡನಿಗೆ ಹೇಳಿದೆ. ಅವರೇ ಗ್ಯಾರೇಜಿಗೆ ಒಯ್ದರು, ನಗುನಗುತ್ತಾ ವಾಪಸು ತಂದರು. "ಗಾಡೀಲಿ ಏನೂ ಇಲ್ವಂತೆ ಕಣೇ. ಓಡಿಸೋರು ಸರಿ ಇರ್ಬೇಕಂತೆ. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯಾ ನೀನು."

ಭಾನುವಾರ ಎಲ್ಲರೂ ಅಮೃತಾಪುರದ ದೇವಸ್ಥಾನಕ್ಕೆ ಹೊರಟೆವು. ನಾವು ಹೆಂಗಸರು ಬೀಗ ಹಾಕಿ ಹೊರಗೆ ಬರುವಷ್ಟರಲ್ಲಿ ಅವರು ಸ್ಟೇರಿಂಗ್ ಹಿಡಿದು ಕೂತಿದ್ದರು. ಅದೇ ಕಾರು, ಅದೇ ರಸ್ತೆ, ತುಂಬ ಜನ. ಏರನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹತ್ತಿತು! ಹಿಂದಿನ ಸೀಟಿನಲ್ಲಿದ್ದ ನಾದಿನಿ ನನ್ನ ಪಾದ ನೋಡಿ, "ಅತ್ಗೆ ಕಾಲ್ಗುಣ ಕಣಣ್ಣಾ. ಕಾರೂ ಸೊರಗಿಹೋಗೈತೆ" ಅಂದಳು. ಎಲ್ಲರೂ ನಕ್ಕರು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದೇವರ ಮುಂದೆ ನಿಂತು ನಾನು ಕೇಳಿಕೊಂಡದ್ದು ಏನು ಗೊತ್ತೇ? ನನ್ನ ಕಾಲು ಸರಿಮಾಡಪ್ಪಾ ಅಂತ. ಥೂ ನನ್ನ ಜನ್ಮಕ್ಕೆ.

ಸೋಮವಾರ ಮತ್ತೆ ನಲವತ್ತು.

ಹಠ ಹಿಡಿದು ಒಂದೊಂದಾಗಿ ನೋಡತೊಡಗಿದೆ. ಲ್ಯಾಬಿನಲ್ಲಿ ಕಾಯಿಲೆ ಹುಡುಕುವುದೂ ಹಾಗೇ ತಾನೇ, ಇದಲ್ಲ, ಇದೂ ಅಲ್ಲ ಅನ್ನುತ್ತಾ ಹೋಗುವುದು. ಕ್ಲಚ್ ಸವೆದಿದ್ದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಇಲ್ಲಿ ಇಂಜಿನ್ನೇ ದನಿ ಏರಿಸುತ್ತಿರಲಿಲ್ಲ. ಹಾಗಾದರೆ ಕ್ಲಚ್ ಅಲ್ಲ. ಬ್ರೇಕು ಹಿಡಿದುಕೊಂಡಿದೆಯೋ ಎಂದು ನ್ಯೂಟ್ರಲ್ ಹಾಕಿ ತಳ್ಳಿದೆ, ಸಲೀಸಾಗಿ ಉರುಳಿತು. ಗಾಳಿಯ ಫಿಲ್ಟರ್ ಬದಲಾಯಿಸಿದೆ. ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ತರೀಕೆರೆಯ ಮೆಕ್ಯಾನಿಕ್ಕೊಬ್ಬನ ಹತ್ತಿರ ಹೋದರೆ ಅವನು ಬಾನೆಟ್ ಮುಟ್ಟುವ ಮೊದಲೇ "ಯಜಮಾನ್ರನ್ನೇ ಕಳ್ಸಿ ಮೇಡಂ, ಅವರಿಗಾದ್ರೆ ಹೇಳಿದ್ದು ಅರ್ಥ ಆಗುತ್ತೆ" ಅಂದ.

ಮನೆಯಿಂದ ಬೇಗ ಹೊರಡೋಣವೆಂದರೆ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಇನ್ನೊಂದು ಕೆಲಸ ಹುಟ್ಟುತ್ತಿತ್ತು. "ಒಂದ್ ಚೂರು ಕಾಯಿ ತುರಿದುಕೊಟ್ಟು ಹೋಗವ್ವ" ಎನ್ನುತ್ತಿದ್ದರು ಅತ್ತೆ, ಎಷ್ಟು ಮೆತ್ತಗೆ! ಕೊನೆಗೆ ಲ್ಯಾಬಿನ ಡಾಕ್ಟರು ಕರೆದು, "ನಿಮ್ಮ ಕೈ ಒಳ್ಳೇದು ಕಣಮ್ಮಾ, ಆದ್ರೆ ಖಾಲಿ ಹೊಟ್ಟೇಲಿ ಬಂದೋರು ನಿಮ್ಮ ಕಾರಿಗೆ ಕಾಯಕ್ಕಾಗಲ್ಲ" ಅಂದರು. ಮಾರನೆಯ ವಾರ ನನ್ನ ಕುರ್ಚಿಯಲ್ಲಿ ಲಿಂಗದಹಳ್ಳಿಯ ಹುಡುಗಿ ಕೂತಿದ್ದಳು. ಅವಳು ಬರುತ್ತಿದ್ದದ್ದು ಬಸ್ಸಿನಲ್ಲಿ.

ಕೆಲಸ ಹೋಯಿತು, ಹಠ ಹೋಗಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಶೆಡ್ಡಿಗೆ ಹೋದೆ. ಇಂಜಿನ್ ಆಫ್ ಇಟ್ಟು, ಒಂದು ಕೋಲಿನ ತುದಿಯನ್ನು ಆಕ್ಸಿಲರೇಟರ್ ಪೆಡಲಿಗೂ ಇನ್ನೊಂದು ತುದಿಯನ್ನು ಸೀಟಿಗೂ ಆನಿಸಿ ಬಲವಾಗಿ ಒತ್ತಿ ನಿಲ್ಲಿಸಿದೆ. ಬಾನೆಟ್ ಎತ್ತಿ ನೋಡಿದೆ. ಪೆಡಲಿನಿಂದ ಬಂದ ಕೇಬಲ್ಲು ಎಳೆಯುವ ಲಿವರು, ಇಂಜಿನ್ನಿಗೆ ವೇಗ ಕೊಡುವಂಥದ್ದು, ಅರ್ಧಕ್ಕೇ ನಿಂತಿತ್ತು. ಬೆರಳಿನಿಂದ ತಳ್ಳಿದರೆ ಉಳಿದರ್ಧವೂ ಸರಾಗವಾಗಿ ತಿರುಗಿತು. ಅಂದಮೇಲೆ ಇಂಜಿನ್ನಿಗೆ ಯಾವ ರೋಗವೂ ಇಲ್ಲ, ತಡೆ ಇರುವುದು ಕಾಲಿನ ಹತ್ತಿರ. ವಾಪಸು ಬಂದು ಮ್ಯಾಟ್ ಎತ್ತಿದೆ.

ಪೆಡಲಿನ ಕೆಳಗೆ ಸರಿಯಾಗಿ ಕೂರುವಂತೆ ಕೊಯ್ದ ಮರದ ತುಂಡು. ಇಷ್ಟು ದಿನ ನಾನು ನೆಲ ಎಂದುಕೊಂಡು ಒತ್ತುತ್ತಿದ್ದದ್ದು ಅದನ್ನು. ಆ ಭಾನುವಾರ ನಾವು ಬೀಗ ಹಾಕುವಷ್ಟರಲ್ಲಿ ಅವರು ಯಾಕೆ ಸೀಟಿನಲ್ಲಿ ಕೂತಿದ್ದರು ಎಂದು ಹೊಳೆಯಿತು: ಇದನ್ನು ತೆಗೆದಿಡಲು. ಗಂಡನ ಮೇಲೆ ಸಿಟ್ಟು ಬಂತು, ಆದರೆ ಅದು ತಡೆದುಕೊಳ್ಳಬಹುದಾದ ಸಿಟ್ಟು. ಆಮೇಲೆ ಕೈಯಲ್ಲಿದ್ದ ತುಂಡನ್ನು ತಿರುಗಿಸಿದೆ. ಸದ್ದಾಗಬಾರದೆಂದು ಅದಕ್ಕೆ ಬಟ್ಟೆ ಸುತ್ತಿ ಹೊಲಿದಿದ್ದರು. ಹಸಿರು ಚೌಕಳಿ. ಕೆಂಪು ದಾರ.

ಅತ್ತೆ ಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡಿ ಸೋತೋ ಗೆದ್ದೋ ಹೋಗುತ್ತಿದ್ದೆ. ಬೇಡ ಅಂದರೆ ಊರು ಆಡಿಕೊಳ್ಳುತ್ತದೆ, ಸೊಸೆಯನ್ನು ಕಟ್ಟಿಹಾಕಿದಳು ಅನ್ನುತ್ತದೆ. ಅದಕ್ಕೇ ಆ ಮಾತನ್ನು ಕಾರಿನ ಕೈಲಿ ಆಡಿಸಿದರು. ದಿನಾ ಬೆಳಿಗ್ಗೆ ಅದೇ ಬಟ್ಟೆಯ ಚೀಲದಲ್ಲಿ ಡಬ್ಬಿ ಇಟ್ಟುಕೊಟ್ಟು "ಜೋಪಾನ ಕಣವ್ವ" ಎಂದು ಬಾಗಿಲವರೆಗೆ ಬಂದು ಕಳಿಸುತ್ತಿದ್ದರಲ್ಲ, ಆ ಮುಖವನ್ನು ನಾನು ಎಲ್ಲಿಡಲಿ?

ತುಂಡನ್ನು ನನ್ನ ಟ್ರಂಕಿನಲ್ಲಿಟ್ಟೆ. ಯಾರನ್ನೂ ಕೇಳಲಿಲ್ಲ. ಮುಂದಿನ ಭಾನುವಾರ ಗಂಡ ಮ್ಯಾಟಿನ ಕೆಳಗೆ ಕೈ ಹಾಕಿ ತಡಕಾಡುವುದನ್ನು ಕಿಟಕಿಯಿಂದ ನೋಡಿದೆ. ಅವರ ಮುಖ ಬಿಳಿಚಿತು. ನನ್ನನ್ನು ಕೇಳಿದರೆ ಒಪ್ಪಿಕೊಂಡ ಹಾಗೆ, ಸೊಸೆಯ ಕೈಗೆ ಸಿಕ್ಕಿತು ಎಂದು ತಾಯಿಗೆ ಹೇಳಿದರೆ ಇಬ್ಬರ ಮಾನವೂ ಹೋಗುತ್ತದೆ. ಗಂಡಸು ಬಾಯಿ ಹೊಲಿದುಕೊಂಡು ತಿರುಗಿದರು. ನಾನು ಹೊತ್ತುಹೊತ್ತಿಗೆ ಮುದ್ದೆ ಬಡಿಸಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆಯ ಕಣ್ಣಿಗೆ ಪೊರೆ ಬಲಿಯಿತು. ಸೂಜಿಗೆ ದಾರ ಪೋಣಿಸಲಾಗದೆ ರವಿಕೆಗಳು ಹಾಗೇ ಬಿದ್ದಿದ್ದವು. ಕಡೂರಿಗೆ ಕಣ್ಣಿನ ಡಾಕ್ಟರು ಬಂದು ಆಪರೇಷನ್ನಿಗೆ ಹೆಸರು ಬರೆದುಕೊಳ್ಳುತ್ತಾರೆ, ಮಧ್ಯಾಹ್ನದೊಳಗೆ ಹೋಗಬೇಕು ಎಂದು ಸುದ್ದಿ ಬಂತು. ಗಂಡ ಊರಲ್ಲಿರಲಿಲ್ಲ. "ನೀನೇ ಕರ್ಕೊಂಡು ಹೋಗವ್ವ" ಅಂದರು ಅತ್ತೆ. ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ.

ಊರು ದಾಟಿದೆವು. ನಲವತ್ತು. ಮುಳ್ಳು ಅಲ್ಲಿಗೆ ಬಂದಾಗ ಕಾಲನ್ನು ಅಲ್ಲೇ ಹಿಡಿದೆ. ಲಾರಿ ದಾಟಿತು, ಬಸ್ಸು ದಾಟಿತು, ತೆಂಗಿನಕಾಯಿಯ ಟ್ರ್ಯಾಕ್ಟರೂ ದಾಟಿತು.

"ಯಾಕವ್ವ ಇಷ್ಟು ನಿಧಾನ? ಡಾಕ್ಟ್ರು ಹೊಂಟೋಗ್ತಾರೆ" ಅಂದರು.

"ಎಳೀತಿಲ್ಲ ಅತ್ತೆ. ನನ್ನ ಕಾಲ್ಗುಣ ನಿಮಗೆ ಗೊತ್ತಲ್ಲ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಸ್ವಲ್ಪ ದೂರ ಹೋದ ಮೇಲೆ ತಡೆಯಲಾಗಲಿಲ್ಲ. ನನ್ನ ಕಡೆ ತಿರುಗದೆ ಹೇಳಿದರು: "ಒಂದ್ಸಲ ಗಾಡಿ ನಿಲ್ಸಿ ಆ ಮ್ಯಾಟ್ ಕೆಳಗೆ ನೋಡವ್ವ."

"ನೋಡಿದೀನಿ ಅತ್ತೆ. ಕೆಲಸ ಹೋದ ತಿಂಗಳೇ ನೋಡಿದೀನಿ" ಅಂದೆ. ಕಾಲು ಕದಲಿಸಲಿಲ್ಲ.

ನಾವು ತಲುಪಿದಾಗ ಡಾಕ್ಟರು ಹೊರಟುಹೋಗಿದ್ದರು. ಇನ್ನು ಹೆಸರು ಬರೆದುಕೊಳ್ಳುವುದು ಯುಗಾದಿ ಕಳೆದ ಮೇಲೆ ಎಂದು ನರ್ಸು ಹೇಳಿದಳು. ಅತ್ತೆ ಸರಿ ಎಂದು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಕಾರಿನವರೆಗೆ ಬಂದರು. ನಾನು ಕೈ ಕೊಡಲಿಲ್ಲ. ಬೇಜಾರಾಯಿತೇ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ, ಆಗಲಿಲ್ಲ.

ವಾಪಸು ಬರುವಾಗ ಯಾವ ಅವಸರವೂ ಇರಲಿಲ್ಲ. ಪೆಡಲನ್ನು ನೆಲಕ್ಕೆ ತಾಗುವ ತನಕ ಒತ್ತಿದೆ. ಹಳೇ ಕಾರು ಗುರ್ರೆಂದು ಎದ್ದು ಟ್ರ್ಯಾಕ್ಟರು, ಬಸ್ಸು ಎಲ್ಲವನ್ನೂ ಹಿಂದೆ ಹಾಕಿತು. ಅತ್ತೆ ಎರಡೂ ಕೈಯಲ್ಲಿ ಸೀಟು ಹಿಡಿದು, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಅಜ್ಜಂಪುರ ಬರುವವರೆಗೂ ನಿಧಾನ ಅನ್ನಲಿಲ್ಲ.